ಹೂಂ ಅಂದವರ ಪಾಲು

ಆಪಾ ತೀರಿಕೊಂಡ ಮೇಲೆ ಕಲಬುರಗಿಯಲ್ಲಿ ನಡೆದ ನುಡಿನಮನದ ಸಭೆಯಲ್ಲಿ ಮಾತಾಡಿದವರೆಲ್ಲ ಒಂದೇ ಪದವನ್ನು ಒಬ್ಬರ ಕೈಯಿಂದ ಇನ್ನೊಬ್ಬರು ಇಸಿದುಕೊಂಡವರ ಹಾಗೆ ಬಳಸಿದರು: ಅಪೂರ್ಣ. ಅವರ ಕತೆಗಳು ಅಪೂರ್ಣ, ಅವರ ಬದುಕು ಅಪೂರ್ಣ, ಇನ್ನೊಂದಿಷ್ಟು ವರ್ಷ ಇದ್ದಿದ್ದರೆ ಎಲ್ಲವನ್ನೂ ಪೂರ್ತಿ ಮಾಡುತ್ತಿದ್ದರೇನೋ. ವೇದಿಕೆಯ ಮೇಲಿದ್ದ ಫೋಟೋದಲ್ಲಿ ಆಪಾ ತಲೆಯನ್ನು ಒಂದಿಷ್ಟು ಬಲಕ್ಕೆ ವಾಲಿಸಿಕೊಂಡು, ಇದನ್ನೆಲ್ಲ ಕೇಳಿಸಿಕೊಳ್ಳುತ್ತಿರುವವರ ಹಾಗೆ ಕೂತಿದ್ದರು. ನನ್ನ ಸರದಿ ಬಂದಾಗ ಮೈಕಿನ ಮುಂದೆ ನಿಂತು, "ಅವರು ಬರೆದದ್ದೆಲ್ಲ ಪೂರ್ತಿ ಅದ. ಓದೋ ನಮಗೇ ಪುರಸೊತ್ತಿಲ್ಲ" ಎಂದಷ್ಟೇ ಹೇಳಿ ಬಂದು ಕೂತೆ. ಪಕ್ಕದಲ್ಲಿದ್ದ ಸಹೋದ್ಯೋಗಿ ಮೆಲ್ಲಗೆ, "ಸತ್ತೋರ ಮುಂದ ಸಿಟ್ಟು ಮಾಡಬಾರದ್ರಿ ಮೇಡಂ" ಎಂದರು. ಸತ್ತವರ ಮೇಲೆ ನನಗೆ ಸಿಟ್ಟಿರಲಿಲ್ಲ, ಬದುಕಿದ್ದವರ ಮೇಲಿತ್ತು. ಈಗಲೂ ಇದೆ. ಆ ಸಿಟ್ಟಿನಲ್ಲೇ ಇದನ್ನು ಬರೆಯಲು ಕೂತಿದ್ದೇನೆ.

ಹೆಸರು ಬೇಕೆಂದೇ ಬರೆಯುತ್ತಿಲ್ಲ. ಕಲಬುರಗಿಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಸಣ್ಣಕತೆ ಬರೆದವರು, ಬರೆದದ್ದಕ್ಕಿಂತ ಹರಿದು ಹಾಕಿದ್ದೇ ಹೆಚ್ಚು ಎಂದು ತಾವೇ ಹೇಳಿಕೊಂಡು ನಗುತ್ತಿದ್ದವರು. ಹುಟ್ಟೂರು ಕಮಲಾಪುರ, ಮನೆಮಾತು ದಖ್ಖನಿ ಉರ್ದು. ವಿದ್ಯಾರ್ಥಿನಿಯರೆಲ್ಲರಿಗೂ ಅವರು ಆಪಾ, ಅಂದರೆ ಅಕ್ಕ. ಜೇವರ್ಗಿ ಕಾಲೋನಿಯ ನಮ್ಮ ಮನೆಯಲ್ಲಿ ಅಪ್ಪ ಸಂಜೆ ಪೂಜೆ ಮುಗಿಸಿ, ಹಣೆಯ ವಿಭೂತಿಯ ಸಮೇತ ಅಡುಗೆಮನೆಯ ಬಾಗಿಲಿಗೆ ಬಂದು, "ನಿಮ್ಮ ಆಪಾ ಇವತ್ತ ಯಾರಿಗೆ ಜಾಡಿಸಿದ್ರವಾ?" ಎಂದು ಕೇಳುತ್ತಿದ್ದರು. ಆಪಾ ದಿನಕ್ಕೊಬ್ಬರಿಗಾದರೂ ಜಾಡಿಸುತ್ತಿದ್ದರು, ಅಪ್ಪನಿಗೆ ಅದು ಧಾರಾವಾಹಿಗಿಂತ ರುಚಿಯಾಗಿತ್ತು.

ಅವರ ಮೊದಲ ತರಗತಿ ನನಗೆ ಚೆನ್ನಾಗಿ ನೆನಪಿದೆ. ಸುಡುಸುಡು ಮಧ್ಯಾಹ್ನ. ನವ್ಯ ಸಣ್ಣಕತೆ ಅನ್ನುವುದು ಪಾಠದ ವಿಷಯ. ಇಸ್ತ್ರಿ ಕಾಣದ ಹತ್ತಿ ಸೀರೆ, ಬಲಗೈಗೆ ಗಂಡಸರ ಗಡಿಯಾರ, ಗೊಗ್ಗರು ದನಿ. ಬಂದವರೇ ಕಿಟಕಿಯ ಬಳಿ ನಿಂತು ರಸ್ತೆ ನೋಡಿದರು.

"ನಮ್ಮ ಅಮ್ಮಿ ಹೇಳ್ತಿದ್ಲು, ಹಗಲಹೊತ್ತಿನ್ಯಾಗ ಕಥಿ ಹೇಳಬಾರದು, ಹೇಳಿದ್ರ ದಾರಿ ಹೋಗೋ ಮುಸಾಫಿರ್ ದಾರಿ ತಪ್ತಾರ ಅಂತ. ಅಲ್ಲಿ ನೋಡ್ರಿ, ಎಷ್ಟು ಮಂದಿ ಬಸ್‌ಸ್ಟ್ಯಾಂಡಿಗಿ ಹೊಂಟಾರ." ನಮ್ಮ ಕಡೆ ತಿರುಗಿ ಸುಣ್ಣದ ಕಡ್ಡಿ ಕೈಗೆ ತಗೊಂಡರು. "ತಪ್ಪಲಿ. ಕಥಿ ಹೇಳ್ತೀನಿ, ಕೇಳ್ರಿ."

ನಾವು ಹೋ ಎಂದು ನಕ್ಕೆವು. ಅವರು ನಗಲಿಲ್ಲ. ಯಾರೋ ಹಾಕಿಕೊಟ್ಟ ದಾರಿಯಲ್ಲೇ ಓದುವವರು ಒಮ್ಮೆಯಾದರೂ ದಾರಿ ತಪ್ಪಬೇಕು, ಹೊಸ ಕತೆ ಇರುವುದೇ ಅದಕ್ಕೆ ಎಂದು ಅವತ್ತು ಅವರು ಹೇಳಿದ್ದು ನನಗೆ ಅರ್ಥವಾಗಲಿಲ್ಲ. ಆದರೂ ಬರೆದುಕೊಂಡೆ, ಪರೀಕ್ಷೆಗೆ ಬಂದರೆ ಇರಲಿ ಎಂದು.

ಅವರಿಗೊಂದು ಕೆಟ್ಟ ಚಾಳಿಯಿತ್ತು. ಕತೆ ಬರೆದುಕೊಂಡು ಹೋಗಿ ತೋರಿಸಿದರೆ ಮೊದಲಿನಿಂದ ಓದುತ್ತ ಬಂದು, ಕೊನೆಯ ಪುಟ ಬಂದಾಗ ಅದರ ಕೆಳಗಿನ ಅರ್ಧವನ್ನು ಒಳಕ್ಕೆ ಮಡಚಿಬಿಡುತ್ತಿದ್ದರು. ಓದುತ್ತಲೇ ಇರಲಿಲ್ಲ! ಮಡಚಿದ ಗೆರೆಯ ಮೇಲೆ ಉಗುರಿನಿಂದ ಒತ್ತಿ, "ಇಲ್ಲಿ ತನಕ ಓದು. ಏನರೆ ಕಮ್ಮಿ ಅದೇನು?" ಎನ್ನುತ್ತಿದ್ದರು. ನನ್ನ ಮೊದಲ ಕತೆಯಲ್ಲಿ ಕುಡುಕ ಗಂಡ ಕಡೆಗೆ ಹೆಂಡತಿಯ ಕಾಲು ಹಿಡಿದು ಅಳುತ್ತಿದ್ದ. ಆ ಅಳುವನ್ನು ಬರೆಯುವಾಗ ನಾನೂ ಅತ್ತಿದ್ದೆ. ಮಡಿಕೆಯೊಳಗೆ ಅದೆಲ್ಲ ಹೋಯಿತು. ಗಂಡ ಬಾಗಿಲು ಬಡಿಯುತ್ತಿದ್ದಾನೆ, ಹೆಂಡತಿ ಒಳಗೆ ರೊಟ್ಟಿ ತಟ್ಟುತ್ತಿದ್ದಾಳೆ, ಅಲ್ಲಿಗೆ ನಿಂತಿತು ಕತೆ.

"ಆಪಾ, ಅಂವಾ ತಪ್ಪಾಯ್ತು ಅಂತಾನ್ರಿ ಆಮ್ಯಾಲೆ" ಎಂದೆ.

"ಅಂವಾ ಅಂತಾನೋ ನೀ ಅನಿಸ್ತೀಯೋ?"

ಮನೆಗೆ ಬಂದು ಮುಖ ಊದಿಸಿಕೊಂಡು ಕೂತೆ. ಅಪ್ಪ ಮಡಚಿದ ಕತೆಯನ್ನು ಓದಿ, ಬಿಚ್ಚಿ ಇನ್ನೊಮ್ಮೆ ಓದಿ, ಮತ್ತೆ ತಾವೇ ಮಡಚಿಟ್ಟರು. ಅದೇ ನನ್ನನ್ನು ಹೆಚ್ಚು ಉರಿಸಿತು.

ಒಂದು ದಿನ ನಮ್ಮನ್ನೆಲ್ಲ ಕೋಟೆಗೆ ಕರೆದುಕೊಂಡು ಹೋದರು. ಇತಿಹಾಸದವರು ಹೋಗುತ್ತಾರೆ, ಕನ್ನಡದವರು ಯಾಕೆ ಅಂತ ಪ್ರಾಂಶುಪಾಲರು ತಕರಾರು ತೆಗೆದಿದ್ದರಂತೆ. ಕೋಟೆಯೊಳಗಿನ ಜಾಮಿ ಮಸೀದಿಯ ಮುಂದೆ ನಿಲ್ಲಿಸಿ, "ಇದರಾಗ ಏನಿಲ್ಲ, ಹೇಳ್ರಿ" ಎಂದರು. ಏನಿದೆ ಎಂದು ಕೇಳಿದ್ದರೆ ಕಮಾನು, ಗುಮ್ಮಟ ಅಂತ ಒದರುತ್ತಿದ್ದೆವು. ಏನಿಲ್ಲ ಎಂದರೆ? ಕೋಟೆಯ ಹತ್ತಿರದ ಓಣಿಯಲ್ಲೇ ಬೆಳೆದ ಗೆಳತಿಯೊಬ್ಬಳು ಕಡೆಗೆ, "ಅಂಗಳಿಲ್ಲರೀ ಆಪಾ" ಎಂದಳು.

"ಶಾಬಾಸ್! ಎಲ್ಲಾ ಕಡೀ ಮಸೀದಿ ಅಂದ್ರ ನಡುವ ತೆರೆದ ಅಂಗಳ ಇರ್ತದ. ಇಲ್ಲಿ ಕಟ್ಟಿದಂವಾ ಅಂಗಳಾನೇ ತಗದಾನ. ಪೂರಾ ಚಾವಣಿ ಹಾಕ್ಯಾನ. ಅವತ್ತೂ ಮಂದಿ ಬೈದಿರಬೇಕು, ಇದೇನಪ್ಪಾ ಅರ್ಧ ಕಟ್ಟೀದಿ ಅಂತ. ಈಗ ಹೇಳ್ರಿ, ಇದು ಮಸೀದಿ ಆಗಿಲ್ಲೇನು?"

ಒಳಗೆ ಹೋದೆವು. ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಇನ್ನೊಂದು, ಕಣ್ಣು ಹೋದಷ್ಟೂ ತಂಪು ನೆರಳು. ಹೊರಗೆ ಬೆಂಕಿಯಂಥ ಬಿಸಿಲು. ಕತೆಯಲ್ಲಿ ನಡುವೆ ಇರಲೇಬೇಕು ಎಂದು ಎಲ್ಲರೂ ಅಂದುಕೊಂಡದ್ದನ್ನು ತೆಗೆದುಬಿಟ್ಟರೆ ಉಳಿದದ್ದು ಬೀಳಬಾರದು, ನಿಲ್ಲಬೇಕು, ನಿಂತು ನೆರಳು ಕೊಡಬೇಕು ಎಂದು ಆಪಾ ಒಂದು ಕಂಬಕ್ಕೆ ಬೆನ್ನು ಹಚ್ಚಿ ನಿಧಾನವಾಗಿ ಹೇಳಿದರು. ಹೊಸ ಬಗೆಯ ಕತೆಯ ಮೇಲೆ ಆಮೇಲೆ ನಾನು ಎಷ್ಟೋ ದಪ್ಪ ಪುಸ್ತಕಗಳನ್ನು ಓದಿದೆ, ಅದರ ಮೇಲೇ ಸಂಬಳ ತಿನ್ನುತ್ತಿದ್ದೇನೆ. ಇಷ್ಟು ಸರಳವಾಗಿ ಹೇಳಿದವರು ಸಿಗಲಿಲ್ಲ.

ಆ ತೆಗೆಯುವ ವಿದ್ಯೆ ಅವರಿಗೆ ಎಲ್ಲಿಂದ ಬಂತು ಎಂಬುದನ್ನು ಅವರೇ ಹೇಳುತ್ತಿದ್ದರು. ಕಮಲಾಪುರದ ಮನೆಯಲ್ಲಿ ಅವರ ಅಮ್ಮಿ ಕತೆ ಹೇಳುವಾಗ ಒಬ್ಬರು ಹೂಂಗುಡಲೇಬೇಕಿತ್ತು. ನಮ್ಮ ಮನೆಗಳಲ್ಲೂ ಇರುವ ಪದ್ಧತಿಯೇ ಅದು. ಕೇಳುವವರು ಹೂಂ ಅನ್ನುತ್ತಿದ್ದರೆ ಕತೆ ಮುಂದೆ ಹೋಗುತ್ತದೆ, ಹೂಂ ನಿಂತರೆ ಕತೆಯೂ ನಿಂತಿತು. ಆಪಾ ಮತ್ತು ಅವರ ಅಕ್ಕ ಸರದಿಯ ಮೇಲೆ ಹೂಂಗುಡುತ್ತಿದ್ದರಂತೆ. ಅಕ್ಕ ಗಟ್ಟಿಗಿತ್ತಿ, ಕತೆಯಲ್ಲಿ ಯಾವನಾದರೂ ರಾಜ ಹೆಂಡತಿಯನ್ನು ಕಾಡಿಗೆ ಅಟ್ಟಿದರೆ ಹೂಂ ಅನ್ನದೆ ಬಾಯಿ ಬಿಗಿದು ಕೂತುಬಿಡುತ್ತಿದ್ದಳು. "ಹೂಂ ಅನ್ನು" ಎಂದು ಅಮ್ಮಿ ಗದರಿಸಿದರೂ ಇಲ್ಲ. ಕಡೆಗೆ ಅಮ್ಮಿ ಸೋತು, ರಾಜನನ್ನೇ ಕಾಡಿಗೆ ಕಳಿಸಿ ಕತೆ ಮುಂದುವರಿಸುತ್ತಿದ್ದಳು. "ಕಥಿ ಹೇಳೋರದಷ್ಟೇ ಅಲ್ಲ, ಹೂಂ ಅನ್ನೋರದೂ ಅದರಾಗ ಪಾಲದ. ಆ ಪಾಲು ಯಾರೂ ಬರ್ದಿಲ್ಲ" ಎನ್ನುತ್ತಿದ್ದರು ಆಪಾ.

ಅದನ್ನು ತಾವೇ ಬರೆದರು. ಆ ಕತೆಯ ಹೆಸರು 'ಮಧ್ಯಾಹ್ನ'. ಓದಿಲ್ಲದವರಿಗಾಗಿ ಹೇಳುತ್ತೇನೆ. ಒಂದು ಮನೆಯ ಪಡಸಾಲೆ, ಇಬ್ಬರು ಹೆಂಗಸರು. ಒಬ್ಬಳು ಎಲ್ಲಿಂದಲೋ ಬಂದಿದ್ದಾಳೆ, ತನಗೆ ಆದದ್ದನ್ನು ಹೇಳುತ್ತಿದ್ದಾಳೆ. ಇನ್ನೊಬ್ಬಳು ಕೇಳುತ್ತಿದ್ದಾಳೆ. ಹೇಳುವವಳ ಒಂದು ಮಾತೂ ಕತೆಯಲ್ಲಿಲ್ಲ. ಇರುವುದು ಕೇಳುವವಳು ಅಂದದ್ದು ಮಾತ್ರ. "ಬಾ, ಕೂಡು." "ಪೆಟ್ಟಿಗಿ ಹೊರಗ್ಯಾಕ ಬಿಟ್ಟಿ?" "ಹೂಂ." "ಚಾ ಆರ್ಲಾಕತ್ತದ, ಕುಡಿ ಮೊದಲ." "ಹೂಂ. ಅತ್ತಿ ಅಲ್ಲೇ ಇದ್ಲೇನು?" "ಕೈ ತೋರ್ಸು." ಆಮೇಲೆ ಪುಟ ತುಂಬ ಬರೀ ಹೂಂ, ಒಂದರ ಕೆಳಗೊಂದು, ಒಂದೊಂದರ ತೂಕವೂ ಬೇರೆ. ಕೊನೆಗೆ, "ಇಲ್ಲ. ಇದಕ್ಕ ನಾ ಹೂಂ ಅನ್ನಂಗಿಲ್ಲ." ಅದರ ಕೆಳಗೆ ಕಡೆಯ ಸಾಲು: "ಪೆಟ್ಟಿಗಿ ಒಳಗ ತಾ."

ಇಷ್ಟೇ ಕತೆ. ಇದನ್ನು ಅಪೂರ್ಣ ಎನ್ನುವವರಿಗೆ ಏನು ಹೇಳಲಿ? ಪೆಟ್ಟಿಗೆ ಒಳಗೆ ಬಂತಲ್ಲ, ಇನ್ನೇನು ಬೇಕಿತ್ತು?

ಕತೆ ಮೊದಲು ಬಂದದ್ದು ನಮ್ಮೂರಿನ ನಾಲ್ಕಾರು ಮೇಷ್ಟ್ರುಗಳು ಸೇರಿ ತರುತ್ತಿದ್ದ ಒಂದು ಸಣ್ಣ ಪತ್ರಿಕೆಯಲ್ಲಿ. ಅದು ಅಚ್ಚಾಗುತ್ತಿದ್ದದ್ದು ಕಪನೂರಿನ ಕಡೆಯ ಒಂದು ಪ್ರೆಸ್ಸಿನಲ್ಲಿ. ಅದರ ಮಾಲೀಕರು ಬಂದದ್ದನ್ನೆಲ್ಲ ತಾವೇ ಓದಿ ನೋಡುವ ಪ್ರಾಮಾಣಿಕ ಮನುಷ್ಯ. ಈ ಕತೆ ಓದಿದರು, ಬೆವೆತರು. ಇಬ್ಬರು ಮಾತಾಡುತ್ತಿದ್ದಾರೆ, ಒಬ್ಬಳ ಮಾತು ಮಾತ್ರ ಇದೆ, ಅಂದರೆ ಇನ್ನೊಬ್ಬಳ ಹಾಳೆಗಳು ತಮ್ಮ ಪ್ರೆಸ್ಸಿನಲ್ಲೇ ಎಲ್ಲೋ ಕಳೆದಿವೆ! ಮದುವೆ ಕಾರ್ಡಿನ ಕಟ್ಟುಗಳನ್ನೆಲ್ಲ ಬಿಚ್ಚಿ ಹುಡುಕಿದರಂತೆ. ಸಿಗಲಿಲ್ಲ. ಪತ್ರಿಕೆಗೆ ತಡವಾಗುತ್ತಿತ್ತು. ಇದ್ದಷ್ಟನ್ನೇ ಅಚ್ಚು ಹಾಕಿ, ಕೆಳಗೆ ಚೌಕದೊಳಗೆ ಒಂದು ಒಕ್ಕಣೆ ಸೇರಿಸಿದರು. ಈ ಕತೆಯ ಅರ್ಧ ಭಾಗ ನಮ್ಮಿಂದ ಕೈತಪ್ಪಿದೆ, ಲೇಖಕಿಯ ಮತ್ತು ಓದುಗರ ಕ್ಷಮೆ ಕೋರುತ್ತೇವೆ.

ಪತ್ರಿಕೆಯ ಮೇಷ್ಟ್ರುಗಳು ತಲೆ ಮೇಲೆ ಕೈ ಹೊತ್ತರು. ಆಪಾ ಮಾತ್ರ ಕಮಲಾಪುರದಿಂದ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತರಿಸಿಕೊಂಡು, ನನ್ನನ್ನೂ ಕರೆದುಕೊಂಡು ಪ್ರೆಸ್ಸಿಗೆ ಹೋದರು. ಮಾಲೀಕರು ಕೈ ಮುಗಿದು ನಿಂತರು.

"ನಿಮ್ಮ ಕಡಿಂದ ಏನೂ ಕಳದಿಲ್ಲರಿ. ಕೂಡ್ರಿ ಮೊದಲ" ಎಂದರು ಆಪಾ.

"ಹಂಗಾದ್ರ ಇನ್ನೊಬ್ಬಾಕಿ ಎಲ್ಲಿ ಮೇಡಂ?"

"ನೀವು ಹುಡಿಕಿದ್ರಲ್ಲ. ಯಾಕ ಹುಡಿಕಿದ್ರಿ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಆ ಹೆಣ್ಣುಮಗಳಿಗಿ ಏನಾಗಿತ್ತೋ ಅಂತ ಜೀವ ತಡೀಲಿಲ್ಲರಿ. ನನಗೂ ಒಬ್ಬಾಕಿ ಮಗಳಾಳ, ಕೊಟ್ಟೀನಿ."

ಆಪಾ ಬಾಳೆಹಣ್ಣನ್ನು ಅವರ ಮುಂದಿಟ್ಟು, ಈ ಕತೆಯನ್ನು ಕಲಬುರಗಿಯಲ್ಲಿ ಸರಿಯಾಗಿ ಓದಿದವರು ನೀವೊಬ್ಬರೇ ಎಂದರು. ಮುಂದಿನ ಸಂಚಿಕೆಯಲ್ಲಿ ಅದೇ ಅಳತೆಯ ಚೌಕದಲ್ಲಿ ಇನ್ನೊಂದು ಒಕ್ಕಣೆ ಬಂತು: ಹಿಂದಿನ ಸಂಚಿಕೆಯ ಕತೆ ಪೂರ್ತಿಯಾಗಿಯೇ ಇತ್ತು, ಕೋರಿದ್ದ ಕ್ಷಮೆಯನ್ನು ವಾಪಸ್ ಪಡೆಯಲಾಗಿದೆ. ಆ ಸಾಲನ್ನು ಆಪಾ ತಾವೇ ಹೇಳಿ ಬರೆಸಿದ್ದರು.

ಕತೆಗೆ ಒಂದಿಷ್ಟು ಹೆಸರು ಬಂದ ಮೇಲೆ ಬೆಂಗಳೂರಿನಿಂದ ವಿಮರ್ಶಕರೊಬ್ಬರು ನಮ್ಮ ಕಾಲೇಜಿನ ವಿಚಾರ ಸಂಕಿರಣಕ್ಕೆ ಬಂದಿದ್ದರು. ಊಟದ ಹೊತ್ತಿನಲ್ಲಿ ಆಪಾನ ಬಳಿ ಬಂದು, "ಚೆನ್ನಾಗಿದೆ ಮೇಡಂ, ಆದ್ರೆ ಇಂಥ ಪ್ರಯೋಗ ಯುರೋಪಿನಲ್ಲಿ ಯಾವತ್ತೋ ಆಗಿಹೋಗಿದೆ" ಎಂದರು. ಸಮಾಧಾನ ಹೇಳುವ ದನಿಯಲ್ಲಿ ಹೇಳಿದರು, ಅದೇ ತಪ್ಪಾದದ್ದು. ಆಪಾ ತಟ್ಟೆಯಿಂದ ತಲೆಯೆತ್ತದೆ, "ಆಗಿರ್ಬೇಕು ಸರ್. ಅವರಿಗೂ ಒಬ್ಬಾಕಿ ಅಕ್ಕ ಇದ್ದಿರ್ಬೇಕು" ಎಂದರು. ಅವರಿಗೆ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ಪಕ್ಕದಲ್ಲಿ ಕೂತಿದ್ದ ನನಗೂ ತಿಳಿಯಲಿಲ್ಲ, ಆದರೂ ಜೋರಾಗಿ ನಕ್ಕೆ. ಅದೇ ದಿನ ಸಂಜೆ ಇನ್ನೊಬ್ಬ ಹಿರಿಯರು, ನೀವು ಉರ್ದುದಾಗ ಬರೀಬೇಕಿತ್ತು ನೋಡ್ರಿ, ನಿಮ್ಮ ಭಾಷಾದಾಗ ಕಥಿಗೆ ಭಾಳ ಸೊಗಸದ ಎಂದು ಉಪದೇಶ ಮಾಡಿದರು. "ಹೂಂ ಅನ್ನೋದು ಯಾರ ಭಾಷಾ ಸರ್?" ಎಂದರು ಆಪಾ. ಅವರನ್ನು ನಿಂತಲ್ಲೇ ಬಿಟ್ಟು ನಾವು ಸ್ಕೂಟರು ಹತ್ತಿದೆವು.

ಓದು ಮುಗಿಸಿ ನಾನು ಅದೇ ಕಾಲೇಜಿಗೆ ಅಧ್ಯಾಪಕಿಯಾಗಿ ಸೇರಿದಾಗ ಅವರ ಇನ್ನೊಂದು ರೂಪ ಕಂಡೆ. ಪ್ರಾಂಶುಪಾಲರು ಸಭೆ ಕರೆದು ಮಾತಾಡುವಾಗ ನಾವೆಲ್ಲ ಸಾಲಿಗೆ "ಹೂಂ ರೀ ಸರ್, ಹೌದ್ರಿ ಸರ್" ಎನ್ನುತ್ತ ಕೂತಿರುತ್ತಿದ್ದೆವು. ಆಪಾ ತಲೆ ವಾಲಿಸಿ, ಕಣ್ಣಲ್ಲಿ ಕಣ್ಣಿಟ್ಟು ಕೇಳುತ್ತಿದ್ದರು, ಬಾಯಿಂದ ಸದ್ದಿಲ್ಲ. ಪ್ರಾಂಶುಪಾಲರ ಮಾತು ಆ ಮೂಲೆಗೆ ಬಂದೊಡನೆ ತೊದಲುತ್ತಿತ್ತು. ಒಮ್ಮೆ ತಡೆಯಲಾಗದೆ, "ಮೇಡಂ, ಕೇಳ್ಲಾಕತ್ತೀರಿಲ್ಲೋ?" ಎಂದರು.

"ಕೇಳ್ಲಾಕತ್ತೀನಿ ಸರ್. ಹೂಂ ಅನ್ನೋವಂಥದ್ದು ಇನ್ನಾ ಬಂದಿಲ್ಲ."

ಅದೇ ಆಪಾ, ಹುಡುಗಿಯೊಬ್ಬಳು ಬಂದು ಬಾಗಿಲ ಬಳಿ ನಿಂತರೆ ಬೇರೆಯವರಾಗಿಬಿಡುತ್ತಿದ್ದರು. ಕೈಯಲ್ಲಿದ್ದ ಕೆಲಸ ಬಿಟ್ಟು, ಕುರ್ಚಿ ಎಳೆದು ಕೂರಿಸಿ, ಆ ಹುಡುಗಿ ಹೇಳುವಷ್ಟು ಹೊತ್ತೂ ಹೂಂಗುಡುತ್ತ ಕೂರುತ್ತಿದ್ದರು. ಹೂಂ ಅನ್ನುವುದರಲ್ಲಿ ಅಷ್ಟು ಬಗೆ ಇರುತ್ತದೆ ಎಂದು ನನಗೆ ಗೊತ್ತಾದದ್ದು ಆ ಸ್ಟಾಫ್ ರೂಮಿನಲ್ಲಿ. ಅವರು ಸಲಹೆ ಕೊಟ್ಟಿದ್ದನ್ನು ಕೇಳಿದ ನೆನಪಿಲ್ಲ. ಹುಡುಗಿಯರು ಹೋಗುವಾಗ ಮಾತ್ರ ಹೆಗಲು ಇಳಿದು ಹಗುರಾಗಿ ಹೋಗುತ್ತಿದ್ದರು.

ಅವರ ಸ್ವಂತ ಬದುಕಿನ ಬಗ್ಗೆ ಊರಿಗೆ ಗೊತ್ತಿದ್ದದ್ದು ಕಡಿಮೆ, ಆಡಿಕೊಂಡದ್ದು ಹೆಚ್ಚು. ಮದುವೆ ಆಗಲೇ ಇಲ್ಲ ಎನ್ನುವವರಿದ್ದರು. ಕಮಲಾಪುರದಲ್ಲಿ ಅವರ ಅಕ್ಕ ತವರುಮನೆಯಲ್ಲೇ ಇದ್ದು ಬಾಳೆಹಣ್ಣಿನ ವ್ಯಾಪಾರ ನೋಡಿಕೊಳ್ಳುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ 'ಮಧ್ಯಾಹ್ನ' ಕತೆಯಲ್ಲಿ ಪೆಟ್ಟಿಗೆ ತಂದವಳು ಅಕ್ಕ, ಹೂಂ ಅಂದವಳು ಆಪಾ ಎಂದು ಕಲಬುರಗಿಯೆಲ್ಲ ತೀರ್ಮಾನಿಸಿತ್ತು. ನಾನೂ ಹಾಗೆಯೇ ಓದಿದ್ದೆ, ಹಾಗೆಯೇ ಪಾಠ ಮಾಡಿದ್ದೆ. ಅಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವರು ಕತೆಯಲ್ಲಿ ಬೇರೆ ಯಾರಾಗಲು ಸಾಧ್ಯ?

ಈಗ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಆಪಾ ಹೋದ ಕೆಲವು ತಿಂಗಳಿಗೆ ಪದವಿ ತರಗತಿಗೆ ಹೊಸ ಕಥಾಸಂಕಲನ ಮಾಡಲು ಒಂದು ಸಮಿತಿಯಾಯಿತು. ಅದರಲ್ಲಿ ನಾನೂ ಒಬ್ಬಳು. 'ಮಧ್ಯಾಹ್ನ' ಸೇರಬೇಕು ಎಂದೆ, ಎಲ್ಲರೂ ಒಪ್ಪಿದರು. ಅಧ್ಯಕ್ಷರು ನಿವೃತ್ತ ಪ್ರಾಧ್ಯಾಪಕರು, ಕೆಟ್ಟವರಲ್ಲ, ಆಪಾನ ಮೇಲೆ ಗೌರವವಿದ್ದವರೇ. ಆದರೆ ಅವರಿಗೊಂದು ಚಿಂತೆ.

"ಕಥಿ ಛಲೋ ಅದ್ರಿ. ಆದ್ರ ಪರೀಕ್ಷಾದಾಗ ಪ್ರಶ್ನಿ ಏನಂತ ಕೇಳೋದು? ಆ ಹೆಣ್ಣುಮಗಳಿಗಿ ಏನಾಯ್ತು ಅನ್ನೋದೇ ಇಲ್ಲಲ್ಲ. ಹುಡುಗುರಿಗಿ ತಿಳೀಬೇಕಲ್ರಿ. ಅವರಕ್ಕ ಇನ್ನಾ ಇದ್ದಾರಂತ. ನೀವು ಹೋಗಿ ಅವತ್ತ ಏನು ಹೇಳಿದ್ರು ಅಂತ ಕೇಳ್ಕೊಂಡು ಬರ್ರಿ. ಕಡೀಕ ಒಂದರ್ಧ ಪುಟ ಸೇರ್ಸೋಣ. ಇಲ್ಲಂದ್ರ ಇದು ಕುಂದ್ರಂಗಿಲ್ಲ ನೋಡ್ರಿ."

ಅಂದರೆ ಆಪಾ ಜೀವಮಾನವಿಡೀ ಒಳಕ್ಕೆ ಮಡಚಿದ್ದ ಆ ಅರ್ಧ ಪುಟವನ್ನು, ಅವರು ಸತ್ತ ಮೇಲೆ ಬಿಚ್ಚಿ ಇಸ್ತ್ರಿ ಹೊಡೆದು ಪಠ್ಯಕ್ಕೆ ಅಂಟಿಸುವುದು. ಬಿಚ್ಚದಿದ್ದರೆ ಕತೆ ಪುಸ್ತಕದಲ್ಲಿಲ್ಲ. ನನಗೆ ಅಲ್ಲೇ ಎದ್ದು ಬರಬೇಕೆನಿಸಿತು. ಆದರೆ ಕತೆಯನ್ನು ಸಾವಿರಾರು ಮಕ್ಕಳು ಓದುವ ಆಸೆಯೂ ಇತ್ತು, ಆಪಾನ ಮನೆಯವರ ಒಪ್ಪಿಗೆ ಹೇಗೂ ಬೇಕಿತ್ತು. ಹುಮನಾಬಾದ್ ಕಡೆಯ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದೆ.

ರಸ್ತೆ ಬದಿಯ ಅಂಗಡಿಯಲ್ಲಿ, ತೂಗುಹಾಕಿದ ಕೆಂಪು ಬಾಳೆಗೊನೆಗಳ ನಡುವೆ ಕುರ್ಚಿ ಹಾಕಿಕೊಂಡು ಅಕ್ಕ ಕೂತಿದ್ದರು. ಭಾರಿ ಆಳು, ಭಾರಿ ಗಂಟಲು. ಹಣ್ಣನ್ನು ಹಿಚುಕಿ ನೋಡುತ್ತಿದ್ದ ಕಾರಿನವನೊಬ್ಬನಿಗೆ ಬೈದು ಕಳಿಸಿ ನನ್ನ ಕಡೆ ತಿರುಗಿದರು. ತಂಗಿಯ ಶಿಷ್ಯೆ ಎಂದು ಹೇಳಿಕೊಂಡೆ. ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಹಣ್ಣು ಸುಲಿದು ಕೊಟ್ಟರು. ಸಮಿತಿಯ ವಿಷಯ ಹೇಳಿದೆ.

"ಕಿತಾಬಿನ್ಯಾಗ ಹಾಕ್ತಾರೇನು? ಹಾಕ್ಲಿ, ಛಲೋ ಆಯ್ತು."

"ಅವತ್ತ ನೀವು ಆಪಾಗ ಏನು ಹೇಳಿದ್ರಿ ಖಾಲಾ, ಅದೊಂದು ಸ್ವಲ್ಪ…"

"ನಾ ಏನು ಹೇಳಿದೆ?"

"ಪೆಟ್ಟಿಗಿ ತಗೊಂಡು ಬಂದ ದಿನ."

ಅವರು ಕುರ್ಚಿ ಕಿರುಗುಟ್ಟುವ ಹಾಗೆ ನಕ್ಕರು. ನಗು ನಿಂತ ಮೇಲೆ ಕಣ್ಣು ಒರೆಸಿಕೊಂಡು ಹೇಳಿದರು: "ಬೇಟಿ, ಪೆಟ್ಟಿಗಿ ತಗೊಂಡು ಬಂದಾಕಿ ಆಕಿ. ಹೂಂ ಅಂದಾಕಿ ನಾ."

ನನ್ನ ಕೈಯ ಹಣ್ಣು ಕೈಯಲ್ಲೇ ಉಳಿಯಿತು. ಬಾಲ್ಯದಲ್ಲಿ ರಾಜನಿಗೆ ಹೂಂ ಅನ್ನದೆ ಬಾಯಿ ಬಿಗಿದು ಕೂತಿದ್ದ ಹುಡುಗಿ ಯಾರು ಎಂದು ಆಪಾ ನಮಗೆ ಹೇಳಿಯೇ ಇದ್ದರಲ್ಲ! ಅಷ್ಟು ವರ್ಷ ಪಾಠ ಮಾಡಿದ ನಾನು, ಕತೆಯೊಳಗಿನ ಆ ದನಿಯನ್ನು ಗುರುತಿಸಿರಲಿಲ್ಲ. ಬರೆದವರು ತಾವು, ನೋವು ತಮ್ಮದು, ಪೆಟ್ಟಿಗೆ ತಮ್ಮದು. ತಮ್ಮ ಒಂದು ಮಾತನ್ನೂ ಇಟ್ಟುಕೊಳ್ಳದೆ ಪುಟವನ್ನೆಲ್ಲ ಅಕ್ಕನಿಗೆ ಬಿಟ್ಟುಕೊಟ್ಟಿದ್ದರು.

"ಬರ್ದು ತಂದು ನನಗ ಓದಿದ್ಲು," ಎಂದರು ಅಕ್ಕ. "ನಾ ಅಂದೆ, ಏ ಪಗಲೀ, ಇದರಾಗ ನಿಂದೆಲ್ಲಿ ಅದ? ಎಲ್ಲಾ ನಂದೇ ಬರ್ದೀಯಲ್ಲ! ಅದಕ್ಕ ಆಕಿ ಏನಂದ್ಲು ಗೊತ್ತದೇನು? 'ಬಾಜಿ, ನಾ ಹೇಳಿದ್ದು ಎಲ್ಲಾ ಹೆಣ್ಣುಮಕ್ಕಳೂ ತವರಿಗಿ ಬಂದು ಹೇಳ್ತಾರ. ನೀ ಅಂದದ್ದು ಯಾರೂ ಅನ್ನಂಗಿಲ್ಲ. ಹೊಸಾದು ಅದೊಂದೇ. ಅದಕ್ಕ ನಿಂದೇ ಬರ್ದೀನಿ' ಅಂದ್ಲು."

ಬಾಳೆಗೊನೆಗಳ ನಡುವೆ ಕೂತು ನಾನು ಅತ್ತೆ. ನಾಚಿಕೆಯೇನೂ ಆಗಲಿಲ್ಲ. ಅವರು ಸುಮ್ಮನೆ ಬೆನ್ನು ಸವರಿದರು. ಬಂದ ಕೆಲಸ ನೆನಪಾಗಿ, ಆಪಾ ಅವತ್ತು ಹೇಳಿದ್ದನ್ನು ಸೇರಿಸದಿದ್ದರೆ ಕತೆಯನ್ನು ಪುಸ್ತಕದಿಂದ ತೆಗೆಯುತ್ತಾರೆ ಎಂದು ತಿಳಿಸಿದೆ.

"ನಕ್ಕೋ, ಬ್ಯಾಡ." ದನಿ ಒಮ್ಮೆಲೇ ಕಲ್ಲಾಯಿತು. "ಪೆಟ್ಟಿಗಿ ಇಲ್ಲಿ ಊರೆಲ್ಲಾ ನೋಡ್ಯದ, ಅದು ಬರಿ. ನಂದೂ ಬರಿ. ಆಕಿದು ಆಕಿ ನನಗ ಹೇಳಿದ್ದು, ಕಿತಾಬಿಗಿ ಹೇಳಿದ್ದಲ್ಲ. ತಗೀತಾರೇನು? ತಗೀಲಿ. ತಗಿಯೋದಕ್ಕ ಅಂಜಾಕಿದ್ರ ನನ ತಂಗಿ ಹಂಗ ಬರೀತಿದ್ಲೇನು?"

ಕಲಬುರಗಿಗೆ ಬಂದು ಸಮಿತಿಯ ಮುಂದೆ ಕೂತೆ. ಇದ್ದ ಹಾಗೆ ಹಾಕಿ, ಇಲ್ಲವೇ ಬಿಡಿ ಎಂದೆ. ಅಧ್ಯಕ್ಷರು ನಿಟ್ಟುಸಿರು ಬಿಟ್ಟು, "ನೀವೇ ಒಂದರ್ಧ ಪುಟ ಊಹಾ ಮಾಡಿ ಬರೀರಿ ಮೇಡಂ. ಅವರ ಶಿಷ್ಯೆ ನೀವು, ಯಾರು ಬ್ಯಾಡ ಅಂತಾರ?" ಎಂದು ಬಿಳಿ ಹಾಳೆಯೊಂದನ್ನು ನನ್ನ ಮುಂದೆ ಸರಿಸಿದರು. ನಾನು ಅದರ ಕೆಳಗಿನ ಅರ್ಧವನ್ನು ಒಳಕ್ಕೆ ಮಡಚಿ, ಗೆರೆಯ ಮೇಲೆ ಉಗುರಿನಿಂದ ಒತ್ತಿ, ಅವರಿಗೇ ವಾಪಸ್ ಕೊಟ್ಟೆ. ಅವರಿಗೆ ಏನೆನಿಸಿತೋ ಗೊತ್ತಿಲ್ಲ. ಕತೆ ಹೋಯಿತು. ಅದರ ಜಾಗಕ್ಕೆ ಕೊನೆಯಲ್ಲಿ ಎಲ್ಲರೂ ಒಳ್ಳೆಯವರಾಗುವ ಇನ್ನೊಂದು ಕತೆ ಬಂತು.

ಆದರೆ ನಾನು ಕಲಿಸುವುದನ್ನು ಬಿಟ್ಟಿಲ್ಲ. ಪಠ್ಯದಲ್ಲಿಲ್ಲದ್ದನ್ನು ಯಾಕೆ ಹೇಳುತ್ತೀರಿ ಎಂದು ಈಗಿನ ಪ್ರಾಂಶುಪಾಲರೂ ಕೇಳಿದ್ದಾರೆ. ಅವರು ಕೇಳುವಷ್ಟು ಹೊತ್ತೂ ತಲೆ ವಾಲಿಸಿ ಕೇಳಿಸಿಕೊಂಡೆ, ಹೂಂ ಅನ್ನಲಿಲ್ಲ. ಮೊನ್ನೆ ಹುಡುಗಿಯರನ್ನು ಕೋಟೆಗೆ ಕರೆದುಕೊಂಡು ಹೋಗಿ, ಅಂಗಳವಿಲ್ಲದ ಆ ಮಸೀದಿ ತೋರಿಸಿ, ಹೊರಗೆ ಒಂದು ಮರದ ನೆರಳಲ್ಲಿ ಕೂರಿಸಿ, 'ಮಧ್ಯಾಹ್ನ'ದ ಝೆರಾಕ್ಸು ಹಂಚಿ ಗಟ್ಟಿಯಾಗಿ ಓದಿದೆ. ನಡು ಮಧ್ಯಾಹ್ನ, ರಸ್ತೆಯ ತುಂಬ ಜನ. ದಾರಿ ತಪ್ಪುವವರು ತಪ್ಪಲಿ ಎಂದೇ ಓದಿದೆ.

"ಮೇಡಂ, ಇನ್ನೊಬ್ಬಾಕಿ ಏನು ಹೇಳಿದ್ಲು?" ಎಂದು ಒಬ್ಬಳು ಕೇಳಿದಳು.

"ನನಗ ಹೇಳಿಲ್ಲವಾ" ಎಂದೆ.

ಎಲ್ಲರೂ ಎದ್ದು ಬಸ್ಸಿನ ಕಡೆ ಹೊರಟರು. ವರ್ಷವಿಡೀ ತರಗತಿಯಲ್ಲಿ ಬಾಯಿ ಬಿಡದ ಹುಡುಗಿಯೊಬ್ಬಳು ಮಾತ್ರ ಝೆರಾಕ್ಸನ್ನು ಮಡಚುತ್ತ, ಬಿಚ್ಚುತ್ತ ಅಲ್ಲೇ ನಿಂತಿದ್ದಳು. ಗೆಳತಿಯರು ದೂರ ಹೋಗುವವರೆಗೆ ಕಾದು, ನನ್ನ ಹತ್ತಿರ ಬಂದಳು. ಏನು ಹೇಳಿದಳು ಎಂದು ಯಾರೂ ಕೇಳಬೇಡಿ, ಕೇಳಿದರೂ ಬರೆಯುವುದಿಲ್ಲ. ನನ್ನ ಪಾಲಿನದನ್ನು ಮಾತ್ರ ಬರೆಯುತ್ತೇನೆ.

ಬಾ, ಕೂಡು.

ಹೂಂ.

ಬಸ್ ಹೋಗ್ಲಿ ಬಿಡು, ಇನ್ನೊಂದು ಬರ್ತದ.

ಹೂಂ. ಆಮ್ಯಾಲೆ?

ನೀರು ಕುಡಿ. ಅವಸರ ಇಲ್ಲ.

ಹೂಂ.

ಮನ್ಯಾಗ ಯಾರಿಗರೆ ಹೇಳೀಯೇನು?

ಹೂಂ.

ಇಲ್ಲ. ಇದಕ್ಕ ನಾ ಹೂಂ ಅನ್ನಂಗಿಲ್ಲ.

ಏಳು. ನಿನ್ನ ಸಂಗಟ ನಾನೂ ಬರ್ತೀನಿ.